ಬಟಾಣಿಗೆ ಬಂದ ಜ್ವರ

ಬಾಗಿಲು ಮುಚ್ಚಿಕೊಂಡಾಗ ಕೋಲ್ಡ್ ಸ್ಟೋರೇಜಿನವನು ಹೆದರಲಿಲ್ಲ. ಅದು ತಾನಾಗಿ ಮುಚ್ಚಿಕೊಳ್ಳುವ ಬಾಗಿಲು. ತೆರೆಯಲು ಒಳಗೊಂದು ಅಂಗೈಯಗಲದ ಗುಂಡಿ ಉಂಟು. ಗುಂಡಿಯ ಸುತ್ತ ಹಿಮ ಕಟ್ಟಿತ್ತು. ಭುಜ ಕೊಟ್ಟು ಒತ್ತಿದ. ಗುಂಡಿ ಮುರಿದು ಕೈಗೇ ಬಂತು. ಆಗ ಹೆದರಿದ.

ರಜೆಯ ಮಧ್ಯಾಹ್ನ, ಇಡೀ ಗೋದಾಮಿಗೆ ಅವನೊಬ್ಬನೇ. ಚಳಿಗೆ ಸತ್ತುಹೋಗುತ್ತದೆಂದು ಫೋನನ್ನು ಹೊರಗೆ ಕಳಚಿಟ್ಟ ಅಂಗಿಯ ಜೇಬಲ್ಲೇ ಬಿಟ್ಟಿದ್ದ.

ಅವನ ಅತ್ತಿಗೆ ಕೆಲಸಗಾರರನ್ನು ಒದಗಿಸುವ ಆಫೀಸಿನಲ್ಲಿ ಫೋನಿನ ಮುಂದೆ ಕೂರುವವಳು. ಲಿಫ್ಟ್ ರಿಪೇರಿಯವ, ಟ್ಯಾಂಕ್ ತೊಳೆಯುವವ, ಪಂಪ್‌ಹೌಸಿನವಳು, ಇವನು, ಹೀಗೆ ಒಂಟಿಯಾಗಿ ದುಡಿಯುವ ಒಂಬತ್ತು ಜನ ಗಂಟೆಗೊಮ್ಮೆ ಅವಳಿಗೆ ‘ಚೆನ್ನಾಗಿದ್ದೀನಿ’ ಅಂತ ಮೆಸೇಜ್ ಹಾಕಬೇಕು. ಹಾಕದಿದ್ದರೆ ನೋಡಿಬರಲು ಅವಳು ಆಳನ್ನು ಓಡಿಸುತ್ತಾಳೆ. ಇವನದು ಸದಾ ತಡ.

“ಏನಪ್ಪಾ ಮೈದುನ, ನೀನು ಬದುಕಿದ್ದೀಯ ಅಂತ ತಿಳ್ಕೊಳ್ಳೋಕೆ ನಾನು ದಿನಾ ಅರ್ಧ ಸಾಯಬೇಕಾ?” ಅಂತ ಬೈಯುತ್ತಿದ್ದಳು.

ಬೈಗುಳ ತಪ್ಪಲಿ ಎಂದು ಲಿಫ್ಟಿನವ ಹೋದ ವಾರ ಉಪಾಯ ಹೇಳಿಕೊಟ್ಟಿದ್ದ. ಗಂಟೆಗೊಮ್ಮೆ ಫೋನೇ ತಾನಾಗಿ ಮೆಸೇಜ್ ಕಳಿಸುವ ಹಾಗೆ. “ಈಗ ಮನುಷ್ಯನಾದೆ ನೋಡು,” ಅಂತ ಅತ್ತಿಗೆ ಹೊಗಳಿದ್ದಳು ಕೂಡ.

ತಾನಿಲ್ಲಿ ಕೊರಡಾಗಿ ಬಿದ್ದರೂ ಹೊರಗಿನ ಅಂಗಿ ಚೆನ್ನಾಗಿದ್ದೀನಿ ಅನ್ನುತ್ತಲೇ ಇರುತ್ತದೆ ಎಂಬುದು ಆಗ ಹೊಳೆಯಿತು. ಕೂಗಿದ. ಕೂಗನ್ನು ಫ್ಯಾನುಗಳು ನುಂಗಿದವು. ಬಾಗಿಲಿಗೆ ಒದ್ದೊದ್ದು ಕಾಲು ತನ್ನದೇ ಅಲ್ಲ ಅನ್ನಿಸತೊಡಗಿತು. ಏಳು ಗಂಟೆಗೆ ಮನೆಯವರು ಹುಡುಕಿಯಾರು. ಅಷ್ಟು ಹೊತ್ತು ತಡೆಯುವುದುಂಟೇ? ಬಟಾಣಿ ಪೆಟ್ಟಿಗೆಯ ಮೇಲೆ ಕೂತ. ಹಿತವಾಗಿ ನಿದ್ದೆ ಎಳೆಯಿತು. ಆ ಹಿತಕ್ಕೇ ಬೆಚ್ಚಿಬಿದ್ದು ಎದ್ದು ನಿಂತ.

ಗೋಡೆಯ ಮೇಲೆ ವೈರಿನ ತುದಿಗೆ ಬೆರಳುದ್ದದ ಕಡ್ಡಿ ಕಂಡಿತು. ಬಟಾಣಿ ಬೆಚ್ಚಗಾದರೆ ಧಣಿಯ ಫೋನು ಕೂಗುವುದು ಅದರಿಂದಲೇ. ಒಂದು ಸಲ ಧಣಿ ಉಂಡ ಕೈ ತೊಳೆಯದೆ ಓಡಿಬಂದಿದ್ದರು. ಆಳಿಗೆ ಅಂತ ಅಂಥ ಕಡ್ಡಿ ಯಾರೂ ಹಾಕಿರಲಿಲ್ಲ.

ಪೆಟ್ಟಿಗೆ ಹತ್ತಿ, ಕೋಟಿನ ಗುಂಡಿ ಬಿಚ್ಚಿ, ಕಡ್ಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಚಳಿ ಪಕ್ಕೆಯೊಳಗೆ ಚೂರಿಯಂತೆ ಇಳಿಯಿತು. ಧಣಿ ಫೋನ್ ನೋಡದಿದ್ದರೆ, ಮೈಯಲ್ಲಿ ಉಳಿದಿದ್ದ ಬಿಸಿಯನ್ನೂ ಕೈಯಾರೆ ಚೆಲ್ಲಿದ ಹಾಗೆ. ಗೋಡೆಗೆ ಎದೆಯೊತ್ತಿ ಎಣಿಸತೊಡಗಿದ. ಮುನ್ನೂರರ ಆಚೆ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಎಣಿಸಿದ. ನಡುಕ ನಿಂತುಹೋಯಿತು, ಅದು ನಡುಕಕ್ಕಿಂತ ಕೆಟ್ಟದ್ದೆಂದು ಅವನಿಗೆ ಗೊತ್ತಿತ್ತು.

ಬಾಗಿಲು ತೆರೆಯಿತು. ಕೂಲಿಂಗ್ ಮೆಷಿನ್ ರಿಪೇರಿಯವನ ಹಿಂದೆ ಧಣಿ.

“ಸರಕಿಗೆ ಏನಾಯ್ತಯ್ಯಾ?”

“ಸರಕಿಗೇನೂ ಆಗಿಲ್ಲ ಧಣಿ. ಜ್ವರ ಇವನ ಕಂಕುಳಲ್ಲಿದೆ,” ಎಂದು ರಿಪೇರಿಯವ ಅವನನ್ನು ತಬ್ಬಿ ಇಳಿಸಿಕೊಂಡ.

ಬೆರಳಿಗೆ ಇನ್ನೂ ಜೀವ ಬಂದಿರಲಿಲ್ಲ; ರಿಪೇರಿಯವನೇ ಅತ್ತಿಗೆಗೆ ಫೋನ್ ಹಚ್ಚಿ ಅವನ ಕಿವಿಗೆ ಹಿಡಿದ.

“ಈಗ್ತಾನೇ ಮೆಸೇಜ್ ಬಂತಲ್ಲೋ, ಮತ್ತೇನು?”

“ಅದು ನಾನಲ್ಲ ಅತ್ತಿಗೆ.” ತೊದಲುತ್ತಾ ಎಲ್ಲ ಹೇಳಿದ.

ಬೈಗುಳ ಬರಲಿಲ್ಲ. ಅತ್ತಿಗೆ ಸಣ್ಣ ದನಿಯಲ್ಲಿ ಕೇಳಿದಳು, “ಆ ಲಿಫ್ಟಿನವ ಇನ್ನೂ ಯಾರ್ಯಾರಿಗೆ ಇದನ್ನ ಹೇಳಿಕೊಟ್ಟಿದ್ದಾನೆ?”

“ಗೊತ್ತಿಲ್ಲ.”

“ಹೋದ ವಾರದಿಂದ ಒಬ್ಬರದೂ ತಡ ಆಗಿಲ್ಲ ಕಣೋ.”

ಅವಳು ಇನ್ನೊಂದು ಫೋನಿನಲ್ಲಿ ನಂಬರು ಒತ್ತುವುದು ಕೇಳಿಸಿತು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಕೊನೆಗೆ ಪಂಪ್‌ಹೌಸಿನವಳು, “ಏನಮ್ಮಾ, ಕೈಯೆಲ್ಲ ಗ್ರೀಸು,” ಎಂದು ಗೊಣಗಿದಳು. ಅತ್ತಿಗೆ ಫೋನ್ ಇಟ್ಟು ಮುಂದಿನ ನಂಬರು ಒತ್ತಿದಳು. ಇನ್ನೂ ಏಳು ಜನರಿದ್ದರು.