ವಿಮೆಯ ದುಡ್ಡಿನ ವಾಚು

ಗಡಿಯಾರದಜ್ಜನ ಪಾಸ್‌ಪೋರ್ಟು ಮಗಳ ಬೀರುವಿನಲ್ಲಿತ್ತು. ಬೀರುವಿನ ಬೀಗದಕೈ ಮಗಳ ಕೈಚೀಲದಲ್ಲಿತ್ತು. ಎಪ್ಪತ್ತೊಂದು ವರ್ಷದ ಮನುಷ್ಯನನ್ನು ಮನೆಯಲ್ಲಿ ಕಟ್ಟಿಹಾಕಲು ಇದಕ್ಕಿಂತ ಹೆಚ್ಚಿನದೇನೂ ಬೇಕಾಗಲಿಲ್ಲ.

"ವಿಮೆ ಇಲ್ದೆ ನೀನು ವಿಮಾನ ಹತ್ತೋ ಹಾಗಿಲ್ಲ ಅಪ್ಪ. ಮಾಡಿಸಿರೋ ಕಾಗದ ತಂದು ತೋರ್ಸು, ಪಾಸ್‌ಪೋರ್ಟ್ ತಗೊಂಡ್ಹೋಗು," ಎಂದಳು ಮಗಳು.

"ಎಂಟು ದಿನಕ್ಕೆ ಹೋಗಿ ಬರೋನಿಗೆ ಎಂಥಾ ವಿಮೆ ಕಣೇ? ಹೋದ ಸಲ ವಿಮೆ ಕಾಗದ ಕಳೆದ್ಹೋಗಿತ್ತು. ನಾನೂ ನಿಮ್ಮಮ್ಮನೂ ಸತ್ತೋದ್ವಾ?"

"ಹೋದ ಸಲ ನಿಂಗೆ ನಲವತ್ತೊಂದು. ಎದೇಲಿ ಸ್ಟೆಂಟ್ ಇರ್ಲಿಲ್ಲ."

ಟ್ರಾವೆಲ್ ಆಫೀಸಿನ ಹುಡುಗಿಯೂ ಬೆಳಿಗ್ಗೆ ಸ್ಟೆಂಟಿನ ಮಾತನ್ನೇ ಎತ್ತಿದ್ದಳು. ಅರ್ಜಿಯ ಎರಡನೇ ಪುಟದಲ್ಲಿ ಒಂದು ಪ್ರಶ್ನೆ: ಹೃದಯಕ್ಕೆ ಯಾವುದಾದರೂ ಚಿಕಿತ್ಸೆ ಆಗಿದೆಯೇ? ಹೌದು ಎಂದರೆ ವಿಮೆಗೆ ಮೂರು ಪಟ್ಟು ಹಣ, ಜೊತೆಗೆ ಡಾಕ್ಟರ ಪತ್ರ. ಇಲ್ಲ ಎಂದರೆ ಅಗ್ಗ. "ಆದ್ರೆ ತಾತ, ಸುಳ್ಳು ಬರೆದು ಅಲ್ಲೇನಾದ್ರೂ ಆದ್ರೆ ಅವರು ಬಿಡಿಗಾಸೂ ಕೊಡಲ್ಲ. ಅದಕ್ಕಿಂತ ಮಾಡಿಸದೇ ಇರೋದೇ ವಾಸಿ," ಎಂದಿದ್ದಳು. ನಾಳೆ ಮಧ್ಯಾಹ್ನದೊಳಗೆ ಅರ್ಜಿ ಕೊಡದಿದ್ದರೆ ಹಿಡಿದಿಟ್ಟ ಟಿಕೆಟ್ಟೂ ಕೈತಪ್ಪುತ್ತಿತ್ತು.

ಅಜ್ಜ ಮನಸ್ಸಿನಲ್ಲೇ 'ಇಲ್ಲ' ಎಂದು ಗುರುತು ಹಾಕಿಯಾಗಿತ್ತು. ಮಗಳಿಗೆ ಬೇಕಾದದ್ದು ಒಂದು ಕಾಗದ ತಾನೆ, ತೋರಿಸಿದರಾಯಿತು.

ಹೋಗಲೇಬೇಕಿತ್ತು. ಹೋದ ಸಲ ಅಜ್ಜನೂ ಹೆಂಡತಿಯೂ ಉಳಿದಿದ್ದ ಪರದೇಶದ ಊರಿನ ಗಲ್ಲಮೀಸೆಯವನ ವಾಚಿನಂಗಡಿ ಮುಂದಿನ ತಿಂಗಳ ಕೊನೆಗೆ ಮುಚ್ಚುತ್ತಿದೆ ಎಂದು ಅವನ ಮಗ ಪತ್ರ ಬರೆದಿದ್ದ. ಅಪ್ಪನಿಗೆ ಎಂಬತ್ತೆಂಟು, ಕಣ್ಣು ಮಂಜು, ನಿಮ್ಮಿಬ್ಬರನ್ನೂ ಕೇಳುತ್ತಿರುತ್ತಾರೆ ಎಂದಿತ್ತು. ಇಬ್ಬರಲ್ಲಿ ಒಬ್ಬಳು ತೀರಿಹೋಗಿ ಎರಡು ವರ್ಷವಾಗಿರುವುದು ಅವರಿಗೆ ತಿಳಿದಿರಲಿಲ್ಲ. ಅಂಗಡಿಯ ಮೇಲೊಂದು ಕೋಣೆ, ಅದಕ್ಕೆ ಬೀದಿಯ ಕಡೆ ಒಂದು ಕಿಟಕಿ. ಅದನ್ನೊಮ್ಮೆ ನೋಡಿಬಿಟ್ಟರೆ ಸಾಕಿತ್ತು.

ಆ ಕೋಣೆಗೆ ಗಂಡಹೆಂಡಿರು ಹೋಗಿದ್ದೇ ಅಜ್ಜನ ಒಂದು ಕಳ್ಳತನದಿಂದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮೂವತ್ತು ವರ್ಷದ ಹಿಂದೆ, ಹತ್ತು ದಿನದ ಪ್ರವಾಸಕ್ಕೆ ಹೊರಟಾಗ, ಹೆಂಡತಿ ಒಂದು ಲಕೋಟೆಯಲ್ಲಿ ದುಡ್ಡು ಹಾಕಿ ಕೈಗಿಟ್ಟಿದ್ದಳು. "ವಿಮೆ ಮಾಡಿಸ್ಕೊಂಡು ಬನ್ನಿ. ಮರೀಬೇಡಿ ರೀ." ಟ್ರಾವೆಲ್ ಆಫೀಸಿಗೆ ಹೋಗುವ ದಾರಿಯಲ್ಲೇ ಐದ್ನಿಮಿಷನ ಅಂಗಡಿ. ಯಾವ ಗಿರಾಕಿ ಬಂದರೂ "ಐದೇ ನಿಮಿಷ ಕೂತ್ಕೊಳಿ" ಎಂದು ಎರಡು ಗಂಟೆ ಕೂರಿಸುತ್ತಿದ್ದವನಿಗೆ ಬೀದಿ ಕೊಟ್ಟ ಹೆಸರದು. ಅಜ್ಜ ಬರೀ ರಿಪೇರಿಯವನು, ಐದ್ನಿಮಿಷ ಹೊಸ ವಾಚುಗಳನ್ನೂ ಮಾರುತ್ತಿದ್ದ. ಗಾಜಿನ ಹಿಂದೆ ಒಂದು ಹೆಂಗಸರ ವಾಚು ಇತ್ತು, ಬಿಳಿಯ ಮುಖ, ಉಗುರಿನಷ್ಟಗಲ. ವಾಚು ರಿಪೇರಿಯವನ ಹೆಂಡತಿ ಮದುವೆಯಾದ ಹದಿನೈದು ವರ್ಷವೂ ಕಾರ್ಖಾನೆಯ ಸೈರನ್ ಕೇಳಿ ಅನ್ನಕ್ಕಿಡುತ್ತಿದ್ದಳು. ಅಜ್ಜನಿಗೆ ಅಂದು ಏನು ಬಡಿಯಿತೋ, ಲಕೋಟೆಯನ್ನು ಗಾಜಿನ ಮೇಲೆ ಸುರಿದುಬಿಟ್ಟ.

ಮನೆಗೆ ಬಂದು ಹೊಸ ಪಟ್ಟಿ ಕಿತ್ತು ಹಳೆಯ ಪಟ್ಟಿ ಹಾಕಿದ. "ಅಂಗಡೀಲಿದ್ದ ಹಳೇ ಬಿಡಿಭಾಗ ಸೇರ್ಸಿ ಮಾಡ್ದೆ," ಎಂದ. ಅವಳು ಕೈ ಚಾಚಿ ಕಟ್ಟಿಸಿಕೊಂಡಳು. ಆ ಹೊತ್ತಿನ ಅವಳ ಮುಖವನ್ನು ಅವನು ಈಗಲೂ ಮರೆತಿರಲಿಲ್ಲ.

ಮೂರನೇ ದಿನ, ಆ ಊರಿನ ರೈಲು ನಿಲ್ದಾಣದ ಒದ್ದೆ ಮೆಟ್ಟಿಲಿನಲ್ಲಿ ಅವಳು ಜಾರಿದಳು. ಕಾಲು ಎರಡು ಕಡೆ ಮುರಿಯಿತು. ಆಸ್ಪತ್ರೆಯವರು ಮೊದಲು ಕೇಳಿದ್ದು ವಿಮೆಯ ಕಾಗದ. ಅಜ್ಜ ಚೀಲವನ್ನು ಮೂರು ಸಲ ಬೋರಲು ಹಾಕಿ ಒದರಿದ, ಜೇಬು ತಡಕಿದ, ತಲೆ ಕೆರೆದುಕೊಂಡ, "ರೈಲಲ್ಲೇ ಬಿದ್ದೋಗಿರ್ಬೇಕು ಕಣೇ" ಎಂದ. ನಾಟಕದವರು ನೋಡಿದ್ದರೆ ಕರೆದುಕೊಂಡು ಹೋಗುತ್ತಿದ್ದರು. ಅವಳು ಸೂರು ನೋಡುತ್ತಾ, "ಬಿಡಿ, ಹೋದದ್ದು ಹೋಯ್ತು" ಎಂದಳು.

ಆಸ್ಪತ್ರೆಯ ಎದುರಿಗೇ ಗಲ್ಲಮೀಸೆಯವನ ವಾಚಿನಂಗಡಿ. ದಿಕ್ಕು ತೋಚದೆ ಒಳಗೆ ಹೋದ ಅಜ್ಜನಿಗೂ ಅವನಿಗೂ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಅವನು ಒಂದು ಕೆಟ್ಟ ವಾಚನ್ನು ಬಿಚ್ಚಿ ಮುಂದಿಟ್ಟ. ಅಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಅದನ್ನು ನಡೆಸಿ ತೋರಿಸಿದ. ಅಷ್ಟೇ ಮಾತುಕತೆ. ಮೇಲಿನ ಕೋಣೆ ಸಿಕ್ಕಿತು, ಕೆಲಸ ಸಿಕ್ಕಿತು, ಆಸ್ಪತ್ರೆಯ ಬಾಕಿ ವಾರವಾರ ಕರಗಿತು. ಹತ್ತು ದಿನದ ಪ್ರವಾಸ ನಲವತ್ತು ದಿನವಾಯಿತು.

ಆಹಾ, ಆ ನಲವತ್ತು ದಿನ! ಕಡಿದಾದ ಮೆಟ್ಟಿಲಲ್ಲಿ ಅವಳನ್ನು ಎತ್ತಿಕೊಂಡು ಹತ್ತುವಾಗ ಅವಳು ಬಿದ್ದುಬಿದ್ದು ನಗುತ್ತಿದ್ದಳು. "ನಿಧಾನ ರೀ, ಇನ್ನೊಂದು ಕಾಲಾದ್ರೂ ಉಳೀಲಿ!" ಮಧ್ಯಾಹ್ನ ಅಂಗಡಿಯಲ್ಲಿ ಕಾಲು ಚಾಚಿ ಕೂತು ಸ್ಕ್ರೂಗಳನ್ನು ಅಳತೆ ನೋಡಿ ಡಬ್ಬಿಗಳಿಗೆ ಹಾಕುತ್ತಿದ್ದಳು, ಊರಿನ ಅಂಗಡಿಯಲ್ಲಿ ಮಾಡುತ್ತಿದ್ದ ಹಾಗೆಯೇ. ಊರಿನಲ್ಲಿ ಅವನ ಒಂದು ಕಣ್ಣು ಯಾವಾಗಲೂ ಭೂತಗನ್ನಡಿಯೊಳಗೆ. ಅಲ್ಲಿ ಸಂಜೆ ಕಿಟಕಿ ಪಕ್ಕ ಎರಡು ಕಣ್ಣನ್ನೂ ಬಿಟ್ಟು ಅವಳನ್ನು ನೋಡಿದ್ದ. ವಿಮೆ ಇದ್ದಿದ್ದರೆ ನಾಲ್ಕನೇ ದಿನವೇ ವಿಮಾನಕ್ಕೆ ಹಾಕಿ ಮನೆಗೆ ಕಳಿಸುತ್ತಿದ್ದರು. ಮತ್ಯಾಕೆ ಬೇಕು ವಿಮೆ?

ಇದನ್ನು, ಕಳ್ಳತನದ ಭಾಗ ಬಿಟ್ಟು, ಮಗಳಿಗೆ ನೂರು ಸಲ ಹೇಳಿದ್ದ. ಈ ದಿನವೂ ಹೇಳಿದ. ಮಗಳು ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ಅಪ್ಪ, ನಿಮ್ಮಿಬ್ರಿಗೂ ಅದು ಸುಖದ ನಲವತ್ತು ದಿನ. ನಂಗೆ ಹತ್ತು ವರ್ಷ ಆಗ. ಹತ್ತೇ ದಿನ ಅಂತ ಹೇಳಿ ಚಿಕ್ಕಮ್ಮನ ಮನೇಲಿ ಬಿಟ್ಟು ಹೋದ್ರಿ. ಹನ್ನೊಂದನೇ ದಿನದಿಂದ ಸ್ಕೂಲ್ ಬಿಟ್ಟು ಬಂದು ಗೇಟಲ್ಲಿ ನಿಂತ್ಕೊಳ್ತಿದ್ದೆ. ಯಾಕೆ ಬರ್ಲಿಲ್ಲ ಅಂತ ಯಾರೂ ಸರಿಯಾಗಿ ಹೇಳ್ಲಿಲ್ಲ ನಂಗೆ. ಮತ್ತೆ ಗೇಟಲ್ಲಿ ನಿಂತ್ಕೊಳೋಕೆ ನಂಗಾಗಲ್ಲ."

ಅಜ್ಜ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಬಂದುಬಿಟ್ಟ.

ಮೇಜಿನ ಡ್ರಾಯರಿನಲ್ಲಿ ಅವಳ ವಾಚು ಇತ್ತು. ಅವಳು ತೀರಿಕೊಂಡ ವಾರವೇ ಅದೂ ನಿಂತಿತ್ತು, ಕೀ ಕೊಡುವವರಿಲ್ಲದೆ. ಗಲ್ಲಮೀಸೆಯವನ ಮುಂದೆ ನಿಂತ ವಾಚು ಇಡುವುದು ಮರ್ಯಾದೆಯಲ್ಲ ಎಂದುಕೊಂಡು ಬಟ್ಟೆ ಹಾಸಿ, ವಾಚನ್ನು ಬೋರಲಾಗಿಸಿದ. ಆಗ ಹೊಳೆಯಿತು: ಇದರ ಮುಚ್ಚಳವನ್ನು ಅವನು ಒಮ್ಮೆಯೂ ತೆಗೆದಿರಲಿಲ್ಲ. ವಾಚು ಕೆಟ್ಟರೆ ಅವಳು ನೇರ ಐದ್ನಿಮಿಷನ ಹತ್ತಿರ ಹೋಗುತ್ತಿದ್ದಳು. "ನಿಮ್ ಕೈಗೆ ಕೊಟ್ರೆ ಊರಿನೋರದೆಲ್ಲಾ ಆಗಿ ನಂದು ಮುಂದಿನ ಜನ್ಮಕ್ಕೆ," ಎನ್ನುತ್ತಿದ್ದಳು. ಗಂಡ ರಿಪೇರಿಯವ, ಹೆಂಡತಿ ಎದುರಾಳಿಯ ಅಂಗಡಿಯಲ್ಲಿ! ಬೀದಿಯೆಲ್ಲ ನಗುತ್ತಿತ್ತು. ಎಷ್ಟು ಸಲ ಜಗಳವಾಡಿದ್ದ ಅದಕ್ಕೆ.

ಮುಚ್ಚಳ ತೆಗೆದು ಬೆಳಕಿಗೆ ಹಿಡಿದ. ರಿಪೇರಿ ಮಾಡಿದವರು ಮುಚ್ಚಳದ ಒಳಗೆ ಸೂಜಿಯಿಂದ ತಾರೀಖು, ತಮ್ಮದೊಂದು ಗುರುತು ಗೀಚುವುದು ಈ ಕಸುಬಿನ ವಾಡಿಕೆ. ಐದ್ನಿಮಿಷನ ಚಿಕ್ಕ ತ್ರಿಕೋನ ನಾಲ್ಕು ಸಲ ಇತ್ತು. ಎಲ್ಲಕ್ಕೂ ಮೇಲೆ ಇನ್ನೊಂದು ತಾರೀಖು, ಆ ಊರಿನಲ್ಲಿದ್ದ ದಿನಗಳದ್ದು. ಅದರ ಪಕ್ಕ ಕೈ ಪಳಗದವರು ಒತ್ತಿ ಒತ್ತಿ ಗೀಚಿದ ಸೊಟ್ಟ ಅಕ್ಷರ. ಅವಳದೇ.

ವಿಮೆ ದುಡ್ಡು. ಚೆನ್ನಾಗಿದೆ.

ಅಜ್ಜ ಭೂತಗನ್ನಡಿ ತೆಗೆದು ಒರೆಸಿ ಮತ್ತೆ ಸಿಕ್ಕಿಸಿದ. ಒದ್ದೆಯಾಗಿದ್ದು ಗಾಜಲ್ಲ. ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದು ಬೀದಿಯ ಕೊನೆಗೆ ನಡೆದ.

"ಐದೇ ನಿಮಿಷ ಕೂತ್ಕೋ," ಎಂದ ಐದ್ನಿಮಿಷ, ರೂಢಿಯ ಮೇಲೆ. ಆಮೇಲೆ ಮುಚ್ಚಳ ನೋಡಿದ. ಕೈಯಲ್ಲಿದ್ದ ಚಿಮಟ ಕೆಳಗಿಟ್ಟ. "ಅಂತೂ ತೆಗೆದ್ಯಾ?"

"ನಿಂಗೆ ಗೊತ್ತಿತ್ತಾ?"

"ನಾಲ್ಕು ಸಲ ತೆಗ್ದಿದ್ದೀನಿ, ಗೊತ್ತಿಲ್ದೆ ಇರುತ್ತಾ? ಬಾಯಿಬಿಡಬಾರ್ದು ಅಂತ ಮಾತು ತಗೊಂಡಿದ್ರು."

"ಅವಳಿಗೆ ಹೇಳಿದ್ದು ನೀನೇನಾ?"

"ನಾನ್ಯಾಕೆ ಹೇಳ್ಲಿ? 'ಅಂಗಡೀಲಿರೋ ಒಂದೊಂದು ಡಬ್ಬಿ ನಾನೇ ಜೋಡಿಸಿಡೋದು, ಇಂಥಾ ವಾಚಿನ ಒಂದು ಮುಳ್ಳೂ ಅದರಲ್ಲಿರ್ಲಿಲ್ಲ. ಆಸ್ಪತ್ರೇಲಿ ಇವ್ರು ಚೀಲ ಒದರಿದಾಗ ಎಲ್ಲಾ ಅರ್ಥ ಆಯ್ತು' ಅಂದ್ರು. ಕೇಳ್ಬಿಡಿ ಅಂದೆ ನಾನು. 'ಕೇಳಿದ್ರೆ ಅವರಿಗೆ ನನ್ನ ಕೈ ನೋಡೋಕೇ ನಾಚಿಕೆ ಆಗುತ್ತೆ. ಆಮೇಲೆ ವಾಚು ಬಿಚ್ಚಿಡ್ಬೇಕು. ನಂಗೆ ಬಿಚ್ಚೋಕೆ ಇಷ್ಟ ಇಲ್ಲ' ಅಂದ್ರು. ಮಗಳ ವಿಷಯ ಮಾತ್ರ ಬಂದಾಗೆಲ್ಲಾ ಹೇಳೋರು. 'ನಮ್ದೇನೋ ಆಯ್ತು, ಮಗು ಗೇಟಲ್ಲಿ ನಿಂತಿತ್ತಂತೆ' ಅಂತ. ಅದೊಂದು ಅವರಿಗೆ ಕೊನೇವರೆಗೂ ಹೋಗ್ಲಿಲ್ಲ."

ಅಜ್ಜ ಅಲ್ಲೇ ಗಿರಾಕಿಗಳ ಬೆಂಚಿನ ಮೇಲೆ ಕೂತ. ಮೂವತ್ತು ವರ್ಷ ತಾನು ಅವಳಿಂದ ಬಚ್ಚಿಟ್ಟಿದ್ದೇನೆ ಎಂದುಕೊಂಡಿದ್ದನ್ನು ಅವಳು ಮಣಿಕಟ್ಟಿಗೆ ಕಟ್ಟಿಕೊಂಡು ತಿರುಗಿದ್ದಳು. ಅಳು ಬಂತು, ಅತ್ತ. ಐದ್ನಿಮಿಷ ಅಂಗಡಿಯ ಬಾಗಿಲು ಅರ್ಧ ಎಳೆದು, ಒಂದು ಲೋಟ ನೀರು ತಂದಿಟ್ಟ.

ಮಾರನೆಯ ಬೆಳಿಗ್ಗೆ, ಹಿಂದಿನ ಸಂಜೆಯೇ ಬರೆಸಿಕೊಂಡಿದ್ದ ಡಾಕ್ಟರ ಪತ್ರ ಹಿಡಿದು ಟ್ರಾವೆಲ್ ಆಫೀಸು ಬಾಗಿಲು ತೆಗೆಯುವ ಮೊದಲೇ ಅಜ್ಜ ನಿಂತಿದ್ದ. ಎರಡನೇ ಪುಟದಲ್ಲಿ 'ಹೌದು' ಎಂದು ಗುರುತು ಹಾಕಿ, ಸ್ಟೆಂಟ್ ಹಾಕಿಸಿದ ತಾರೀಖನ್ನೂ ತಪ್ಪಿಲ್ಲದೆ ಬರೆದ. ಮೂರು ಪಟ್ಟು ಹಣ ಕೊಟ್ಟ. ಹುಡುಗಿ, "ಏನೂ ಆಗ್ದಿದ್ರೆ ಈ ದುಡ್ಡು ವಾಪಸ್ ಬರಲ್ಲ ತಾತ," ಎಂದಳು.

"ಬರದೇ ಇರ್ಲಿ ಅಂತಾನೇ ಕಟ್ಟೋದಲ್ವೇನಮ್ಮ," ಎಂದ.

ಮಗಳು ಕಾಗದವನ್ನು ಎರಡು ಸಲ ಓದಿದಳು. ಸ್ಟೆಂಟಿನ ಸಾಲಿಗೆ ಬಂದಾಗ ಅಪ್ಪನ ಮುಖ ನೋಡಿದಳು. ಬೀರು ತೆಗೆದು ಪಾಸ್‌ಪೋರ್ಟ್ ತಂದು ಅವನ ಕೈಗಿಟ್ಟಳು. "ಎಂಟೇ ದಿನ ತಾನೆ?" ಎಂದು ಕೇಳುವಾಗ ಅವಳ ದನಿ ಹತ್ತು ವರ್ಷದ ಹುಡುಗಿಯದಾಗಿತ್ತು.

"ಎಂಟೇ ದಿನ. ಹೆಚ್ಚಾದ್ರೆ, ಯಾಕೆ ಅಂತ ಅವತ್ತೇ ಫೋನ್ ಮಾಡಿ ನಿಜ ಹೇಳ್ತೀನಿ."

ಸಂಜೆ ಅಂಗಡಿಯಲ್ಲಿ ಕೂತು ವಾಚನ್ನು ತೊಳೆದು, ಎಣ್ಣೆ ಬಿಟ್ಟು, ಕೀ ಕೊಟ್ಟ. ನಡೆಯತೊಡಗಿತು. ಮುಚ್ಚಳ ಹಾಕುವ ಮೊದಲು ಸೂಜಿ ತೆಗೆದುಕೊಂಡ. ನಾಲ್ಕು ತ್ರಿಕೋನಗಳ ಕೆಳಗೆ ಸ್ವಲ್ಪವೇ ಜಾಗ ಉಳಿದಿತ್ತು. ತಾರೀಖು ಗೀಚಿ, ಅದರ ಪಕ್ಕ ಬರೆದ: ಈ ಸಲ ಮಾಡಿಸಿದೆ.