ಬಾರದ ಹೂಂ

ಅಗೋ ಬೆಳಗಿತು — ಅಲ್ಲ, ಟಿಕೋಟಾ ರಸ್ತೆಯಲ್ಲಿ ಯಾರದೋ ಸೈಕಲ್ ದೀಪ, ಚುಕ್ಕಿ ಇನ್ನೂ ಬಂದಿಲ್ಲ, ಹೊತ್ತು ಮುಳುಗಿ ಈಗಷ್ಟೇ ಕೆಂಪು ಆರಿದೆ, ಕುರಿಗಳು ಹಟ್ಟಿ ಸೇರಿದವು, ಮಾವ ಆ ಬದಿಗೆ ಬೇಲಿಗೆ ಮುಳ್ಳು ಜೋಡಿಸುತ್ತಿದ್ದಾನೆ, ನನ್ನ ಕಡೆ ತಿರುಗಿಯೂ ನೋಡುವುದಿಲ್ಲ, ಎಂಟು ದಿನದಿಂದ ಹೀಗೇ. ಮಾವ ಎಂದರೆ ಅಮಸಿದ್ದ, ಅವ್ವನ ಅಣ್ಣನ ಮಗ, ನಾಳೆ ಕನಮಡಿಗೆ ಬೇರೆ ಹೆಣ್ಣು ನೋಡಲು ಹೊರಟವನು, ಹೋಗಲಿ — ಹೋಗಲಿ ಅನ್ನುತ್ತೇನೆ, ಮನಸ್ಸು ಕೇಳುವುದಿಲ್ಲ. ಊರೆಲ್ಲ ನನ್ನನ್ನು ಬಾಯಿಬೊಂಬಾಯಿ ಹೊಳೆವ್ವ ಎನ್ನುತ್ತದೆ, ಆ ಒಂದು ಸಂಜೆ ಮಾತ್ರ ಬಾಯಿಗೆ ಬೀಗ. ಇದೇ ಬದುವಿನ ಮೇಲೆ ಕೇಳಿದ, ಹಿರ್ಯಾರು ಆಮ್ಯಾಲೆ, ಮೊದಲ ನೀ ಹೇಳು, ನನ್ನ ಮಾಡ್ಕೋತಿಯೇನ — ಕೇಳಿ ನನ್ನ ಬಾಯಿಯನ್ನೇ ನೋಡುತ್ತ ನಿಂತ, ಅಷ್ಟರಲ್ಲಿ ಅವನ ತಲೆಯ ಮೇಲೆ ಒಂದು ಚುಕ್ಕಿ ಸರಿಯುತ್ತ ಬಂದು ಝಗ್ ಅಂತ ಬೆಳಗಿ ಆರಿಹೋಯಿತು. ಚುಕ್ಕಿ ಬಿತ್ತಂದ್ರ ಯಾರದೋ ಜೀವ ಹೋತು, ಮನಿ ದೀಪ ನೋಡೂತನ ತುಟಿ ಬಿಚ್ಚಬ್ಯಾಡ, ಆಡಿದ ಮಾತಿಗೆ ಸಾವು ಅಂಟತೈತಿ — ನನ್ನ ಅಜ್ಜಿ, ಆಯಿ ದುಂಡವ್ವ, ನಾನು ಸಣ್ಣವಳಿದ್ದಾಗಲೇ ಕಿವಿಗೆ ಹಾಕಿದ್ದು. ಅವನ ಜೀವಕ್ಕೆ ಅಂಜಿ ತುಟಿ ಕಚ್ಚಿದೆ. ಮೌನವೆಂದರೆ ಒಪ್ಪಿಗೆ ಅಂತ ಪುಸ್ತಕ ಓದಿದವರು ಅಂದುಕೊಳ್ಳಲಿ, ನಮ್ಮಲ್ಲಿ ಹೂಂ ಅಂದರೇ ಹೂಂ, ಕಂಬಳಿ ಹೆಗಲಿಗೆ ಹಾಕಿ ನಡೆದೇಬಿಟ್ಟ, ಮರುದಿನವೂ ನಾನು ಹೇಳಲಿಲ್ಲ, ಕೇಳಿದ ಗಳಿಗೆಯಲ್ಲೇ ಚುಕ್ಕಿ ಬಿದ್ದ ಮದುವೆ ಬಾಳೀತೇ ಎಂಬ ಅಂಜಿಕೆ.

ನಿನ್ನೆ ಹಾಲಿಗೆ ಬಂದ ಸಾಲಿಯ ಈರಯ್ಯ ಮಾಸ್ತರು, ಹೆಗಲಲ್ಲಿ ಟ್ರಾನ್ಸಿಸ್ಟರ್, ತಡೆಯಲಾಗದೆ ಆ ಬಿದ್ದ ಚುಕ್ಕಿಯ ಸಂಗತಿ ಕೇಳಿದೆ, ನಕ್ಕರು. ಅದು ಬಿದ್ದಿಲ್ಲ ತಂಗಿ, ಚಂದ್ರನ ಮ್ಯಾಲೆ ಮನುಷ್ಯಾ ಇಳದು ಮೂರು ವರ್ಷಾತು, ಇದು ಮನುಷ್ಯಾರು ಬಿಟ್ಟ ಉಪಗ್ರಹ, ಬಿಸಿಲು ಬಡದ್ರ ಕನ್ನಡಿ ಹೊಳದಂಗ ಹೊಳಿತೈತಿ, ನಾಳಿ ಸಂಜಿ ನೋಡು, ಮತ್ತ ಬರತೈತಿ. ಬಿದ್ದದ್ದು ಮತ್ತೆ ಹೇಗೆ ಬಂದೀತು, ಬಂದರೆ ಯಾರೂ ಸತ್ತಿಲ್ಲ, ಅಷ್ಟೇ ನನಗೆ ಬೇಕಾದ್ದು — ಅಗೋ ಬಂತು, ಬಡಗಣದಿಂದ, ಸದ್ದಿಲ್ಲ, ಆತುರವಿಲ್ಲ, ಹಾಲಿನಷ್ಟು ಬೆಳ್ಳಗೆ ಬೆಳಗುತ್ತದೆ, ಮಂಕಾಗುತ್ತದೆ, ಬೀಳುವುದಿಲ್ಲ, ಮಂಕಾಗಿಯೇ ವಿಜಾಪುರದ ಕಡೆ ನಡೆದಿದೆ, ಆಯೀ ನಿನಗೂ ಗೊತ್ತಿರಲಿಲ್ಲ, ನನಗೆ ಎಷ್ಟು ಹಗುರ, ಕಾಲುಗಳು ತಾವೇ ಬೇಲಿಯ ಕಡೆ ನಡೆದಿವೆ, ಮನೆಯ ದೀಪ ಇನ್ನೂ ನೋಡಿಲ್ಲ, ನೋಡುವುದೂ ಇಲ್ಲ. ಮಾವಾ, ಅವತ್ತ ನಾ ಒಲ್ಲೆ ಅಂದಿಲ್ಲ, ಹೂಂ ಅಂತೀನಿ, ಹೂಂ. ಮುಳ್ಳು ಕೈಯಲ್ಲೇ ಉಳಿದಿದೆ, ಇನ್ನೊಮ್ಮಿ ಅನ್ನು ಅನ್ನುತ್ತಾನೆ, ಮೇಲೆ ನೋಡುವುದಿಲ್ಲ, ನನ್ನ ಬಾಯಿ ನೋಡುತ್ತಾನೆ, ನನ್ನ ಬಾಯಿಯನ್ನೇ