ಡ್ಯೂಕ್ ಊಟ ಬಿಟ್ಟ ವಾರ

ರಘುವೀರ ತಟ್ಟೆ ಎತ್ತಿಬಿಟ್ಟ. ಅಷ್ಟೇ ಮಾಡಬೇಕಾದ್ದು. ಬೈಯಬಾರದು, ಪುಸಲಾಯಿಸಬಾರದು, ನಾಯಿಯ ಮುಖವನ್ನಂತೂ ನೋಡಲೇಬಾರದು. ಊಟದ ಮುಂದೆ ಹಟ ಹಿಡಿದರೆ ತಟ್ಟೆ ಎತ್ತಿ, ಹಸಿವೇ ಪಾಠ ಹೇಳಲಿ ಎಂದು ಟಿವಿಯ ತರಬೇತುದಾರ ಹೇಳಿದ್ದ. ಅವನ ಕಾರ್ಯಕ್ರಮದಲ್ಲಿ ಎಂಥ ಪುಂಡ ನಾಯಿಯೂ ಎರಡು ಜಾಹೀರಾತುಗಳ ನಡುವೆ ದಾರಿಗೆ ಬರುತ್ತಿತ್ತು. ರಘುವೀರನ ಡ್ಯೂಕ್ ವಾರ ಕಳೆದರೂ ದಾರಿಗೆ ಬಂದಿರಲಿಲ್ಲ.

ಮೊಸರನ್ನದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಕೈ ತೊಳೆದ. ಹೆಂಡತಿ ನವ್ಯಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಇವತ್ತೂ ತಿನ್ನಲಿಲ್ಲ ಅಲ್ವಾ?”

“ತಿನ್ನುತ್ತದೆ. ನನ್ನನ್ನು ಪರೀಕ್ಷೆ ಮಾಡುತ್ತಾ ಉಂಟು.”

“ತುಂಬಾ ಸಪೂರ ಆಗಿದೆ.”

“ಈಗ ನಾನು ಸೋತರೆ ಇಷ್ಟು ದಿನ ಮಾಡಿದ್ದೆಲ್ಲ ನೀರುಪಾಲು.”

ಅವಳು ಇನ್ನೇನೋ ಹೇಳಲು ಹೊರಟಳು. ಅವನು ಟವೆಲಿಗಾಗಿ ಕೈ ಚಾಚಿದ. ಅವಳು ಟವೆಲು ಕೊಟ್ಟು ಒಳಗೆ ಹೋದಳು.

ರಘುವೀರ ಮಣಿಪಾಲದ ಕಾಲೇಜೊಂದರಲ್ಲಿ ನಾಯಕತ್ವದ ಬಗ್ಗೆ ಪಾಠ ಹೇಳುತ್ತಿದ್ದ. ಯಾರ ನಾಯಕನೂ ಅಲ್ಲದವನಿಗೆ ಅದು ತಕ್ಕ ಕೆಲಸ. ಸಂಜೆ ಅಲೆವೂರಿನ ಮನೆಗೆ ಬಂದು ಟಿವಿ ಹಾಕಿದರೆ, ಕಂಡವರ ಮನೆಗೆ ನುಗ್ಗಿ, ಅವರ ನಾಯಿಯನ್ನು ಕಣ್ಣಲ್ಲೇ ಕೂರಿಸುವ ಆ ಮನುಷ್ಯ ಸಿಗುತ್ತಿದ್ದ. ಪರದೆಯ ತಳದಲ್ಲಿ ‘ತಜ್ಞರ ಸಲಹೆಯಿಲ್ಲದೆ ಪ್ರಯತ್ನಿಸಬೇಡಿ’ ಎಂಬ ಸಣ್ಣಕ್ಷರದ ಸಾಲು ಓಡುತ್ತಿತ್ತು. ಓದು ಬಲ್ಲವನಾದ ರಘುವೀರ ಅದೊಂದನ್ನು ಓದಲಿಲ್ಲ.

ನಾಯಿ ಬಂದದ್ದು ಕಾಪುವಿನ ಅತ್ತೆಮನೆಯಿಂದ. ಮೀನು ಮಾರುವ ಅತ್ತೆ ಅಮ್ಮಣ್ಣಿ ಅದನ್ನು ಕುಟ್ಟಿ ಎಂದು ಕರೆಯುತ್ತಿದ್ದಳು. ಹೆಸರು ಚುಟುಕಾಗಿ, ಗಡುಸಾಗಿ ಇರಬೇಕೆಂದು ಟಿವಿಯವನು ಹೇಳಿದ್ದರಿಂದ ಅದು ಡ್ಯೂಕ್ ಆಯಿತು. ಡ್ಯೂಕ್ ಮೈಮೇಲೆ ಹಾರುವುದನ್ನು ಬಿಟ್ಟಿತು. ಅವನು ಹೊಸಿಲು ದಾಟುವ ಮೊದಲು ದಾಟುವುದನ್ನು ಬಿಟ್ಟಿತು. ಕುಂಯ್‌ಗುಟ್ಟಿದರೆ ಅವನು ಅಂಗೈ ಎತ್ತಿ ‘ಶ್’ ಎನ್ನುತ್ತಿದ್ದ, ಅದನ್ನೂ ಬಿಟ್ಟಿತು. “ನಿಮ್ಮಲ್ಲಿ ನಾಯಿ ಉಂಟು ಅಂತಲೇ ಗೊತ್ತಾಗುವುದಿಲ್ಲ ಮಾರಾಯ,” ಎಂದು ಸಹೋದ್ಯೋಗಿಯೊಬ್ಬ ಹೇಳಿದಾಗ ರಘುವೀರನಿಗೆ ಎದೆ ತುಂಬಿ ಬಂದಿತ್ತು.

ಅವತ್ತು ಮಧ್ಯಾಹ್ನ ಡ್ಯೂಕ್ ಮಲಗಿದ್ದ ಜಾಗದಲ್ಲಿ ನೆಲದ ಮೇಲೆ ಕಂದು ಕಲೆ ಕಂಡಿತು. ಬಗ್ಗಿ ನೋಡಿದ. ರಕ್ತ. ಜೊಲ್ಲಿನ ಜೊತೆ ಕೀವಿನ ವಾಸನೆ. ಎರಡು ದಿನದಿಂದ ನಾಯಿ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿತ್ತು. ಗಮನ ಸೆಳೆಯುವ ಚಾಳಿ ಎಂದು ಅವನು ಅದನ್ನೂ ತಿದ್ದಿದ್ದ. ಎದ್ದು ಫೋನ್ ಕೈಗೆತ್ತಿಕೊಂಡ.

ಭಾನುವಾರ. ಉಡುಪಿಯ ಪಶುವೈದ್ಯರು ಫೋನ್ ಎತ್ತಲಿಲ್ಲ. ಕಾರ್ಕಳದಲ್ಲಿ ಜೋಸ್ಲಿನ್ ಎಂಬವರು ರಜೆಯಲ್ಲೂ ಪ್ರಾಣಿಗಳನ್ನು ನೋಡುತ್ತಾರೆಂದು ಪಕ್ಕದ ಮನೆಯವರು ಹೇಳಿದರು. ದಾರಿಯುದ್ದಕ್ಕೂ ಗಂಡ ಹೆಂಡತಿ ಮಾತಾಡಲಿಲ್ಲ. ಅದೇನೂ ವಿಶೇಷವಾಗಿರಲಿಲ್ಲ.

ಜೋಸ್ಲಿನ್ ಡಾಕ್ಟರು ಟಾರ್ಚ್ ಹಾಕಿ ಬಾಯಿ ಬಿಡಿಸಿದರು. ಡ್ಯೂಕ್ ಮಿಸುಕದೆ ಬಾಯಿ ಬಿಟ್ಟಿತು.

“ಇಷ್ಟು ನೋವಿಗೆ ಬೇರೆ ನಾಯಿ ಆಗಿದ್ದರೆ ಊರನ್ನೇ ಎಬ್ಬಿಸುತ್ತಿತ್ತು. ಇದು ಕೂಗಲಿಲ್ವಾ?”

“ಇಲ್ಲ, ಕೂಗುವುದಿಲ್ಲ,” ಎಂದ ರಘುವೀರ. ಅಂದ ಮೇಲೆ ತನ್ನ ದನಿಯಲ್ಲಿದ್ದ ಹೆಮ್ಮೆ ಅವನಿಗೇ ಕೇಳಿಸಿತು. ಎಲ್ಲಿ ಮುಖ ಇಡುವುದೆಂದು ತಿಳಿಯಲಿಲ್ಲ.

ಮತ್ತಿನ ಮದ್ದು ಕೊಟ್ಟು, ಇಕ್ಕಳ ಹಾಕಿ, ಡಾಕ್ಟರು ಮೇಲಿನ ದವಡೆಗೆ ಅಡ್ಡವಾಗಿ ಸಿಕ್ಕಿಕೊಂಡಿದ್ದ ಚೂಪಾದ ಎಲುಬೊಂದನ್ನು ಕಿತ್ತು ತೆಗೆದರು.

“ದೊಡ್ಡ ಮೀನಿನ ತಲೆಯದ್ದು.”

“ನಮ್ಮಲ್ಲಿ ಮೀನಿಲ್ಲ ಡಾಕ್ಟ್ರೇ,” ಎಂದ ಅವನು. ಮದುವೆಗೆ ಅವನು ಹಾಕಿದ್ದ ಒಂದೇ ಷರತ್ತು ಅದು. ಅಪ್ಪ ದೇವಸ್ಥಾನದ ಚಾಕರಿಯವರು. ಹುಡುಗಿ ಯಾರೇ ಆಗಲಿ, ಮನೆಯೊಳಗೆ ಮೀನು ಬರಕೂಡದು. ನವ್ಯಶ್ರೀ ಒಪ್ಪಿದ್ದಳು. ಡ್ಯೂಕ್‌ನನ್ನು ಯಾರೂ ಕೇಳಿರಲಿಲ್ಲ.

ಡಾಕ್ಟರು ಅವಳತ್ತ ನೋಡಿದರು. ಅವಳು ನೆಲ ನೋಡಿದಳು. ಡಾಕ್ಟರು ಇಂಜೆಕ್ಷನ್ ತರಲು ಒಳಗೆ ಹೋದ ಮೇಲೆ ಹೇಳಿದಳು.

“ಕಳೆದ ಭಾನುವಾರ ಕಾಪುವಿನಲ್ಲಿ ಅಮ್ಮ ಇದಕ್ಕೆ ಅಂಜಲ್ ಮೀನಿನ ತಲೆ ಹಾಕಿದರು. ನಾನು ಬೇಡ ಅನ್ನಲಿಲ್ಲ.”

“ಮುಳ್ಳು ಸಿಕ್ಕಿರಬಹುದು ಅಂತ ನಿನಗೆ ಅನಿಸಲಿಲ್ವಾ?”

“ಅನಿಸಿತು.”

“ಮತ್ತೆ ಹೇಳಬಾರದಿತ್ತಾ? ನಾನೆಂತ ಹೊಡೆಯುತ್ತಿದ್ದೆನಾ?”

“ಇಲ್ಲ. ನೀವು ಹೊಡೆಯುವವರಲ್ಲ.”

ಒಂದು ಸಂಜೆ ಅವನಿಗೆ ನೆನಪಾಯಿತು. ಟಿವಿಯಲ್ಲಿ ಆ ಮನುಷ್ಯ ಬಂದಿದ್ದ. ಅವಳು ಪಕ್ಕ ಬಂದು ನಿಂತು, “ಮೊನ್ನೆ ಕಾಪುವಿನಲ್ಲಿ…” ಎಂದು ಶುರು ಮಾಡಿದ್ದಳು. ಅವನು ಪರದೆಯಿಂದ ಕಣ್ಣು ತೆಗೆಯದೆ ಅಂಗೈ ಎತ್ತಿದ್ದ. ಅವಳು ಸುಮ್ಮನಾಗಿದ್ದಳು. ಎಷ್ಟು ಚೆನ್ನಾಗಿ ಸುಮ್ಮನಾಗಿದ್ದಳೆಂದರೆ, ಅವನಿಗೆ ಅದು ಈವರೆಗೆ ನೆನಪೇ ಇರಲಿಲ್ಲ.

“ಕೀವಿನ ವಿಷ ರಕ್ತಕ್ಕೆ ಏರಿದೆಯೋ ಎಂತದೋ ಈಗಲೇ ಹೇಳಲಿಕ್ಕಾಗುವುದಿಲ್ಲ,” ಎಂದರು ಡಾಕ್ಟರು. “ಮದ್ದಿನ ಮತ್ತು ಪೂರ್ತಿ ಇಳಿದ ಮೇಲೆ ಗಂಜಿತಿಳಿ ಕೊಡಿ. ಕುಡಿದರೆ ಬದುಕಿತು ಅಂತ.”

ಹಿಂದಿನ ಸೀಟಿನಲ್ಲಿ ನವ್ಯಶ್ರೀ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬೈಲೂರು ದಾಟುವವರೆಗೂ ರಘುವೀರ ಒಂದು ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದ. ‘ತಪ್ಪಾಯಿತು’ ಎಂಬುದಕ್ಕೆ ಅಷ್ಟೊಂದು ತಿದ್ದುಪಡಿ ಬೇಕಿರಲಿಲ್ಲ.

ಹಿರಿಯಡ್ಕದ ಬಳಿ ಸಣ್ಣಗೆ ಏನೋ ಕೇಳಿಸಿತು. ಕಾರಿನದ್ದೇ ಇರಬೇಕು ಎಂದುಕೊಂಡ. ಅಲ್ಲ. ಡ್ಯೂಕ್ ಅರೆಮತ್ತಿನಲ್ಲಿ ಕುಂಯ್‌ಗುಡುತ್ತಿತ್ತು. ಅದಕ್ಕೆ ನವ್ಯಶ್ರೀ ಉತ್ತರ ಕೊಡುತ್ತಿದ್ದಳು. ತನ್ನ ಕಾಪುವಿನ ತುಳುವಿನಲ್ಲಿ ಕುಟ್ಟಿ, ಕುಟ್ಟಿ ಎನ್ನುತ್ತ, ಅಮ್ಮನ ಬುಟ್ಟಿಯ ಸುದ್ದಿ, ಕಡಲ ಬಂಡೆಯ ಹಿಂದೆ ನಾಯಿಗಳು ಏಡಿ ಅಟ್ಟುವ ಸುದ್ದಿ ಹೇಳುತ್ತ, ಅಳುತ್ತಿದ್ದಳು. ನಡುವೆ ನಕ್ಕಳು ಕೂಡ. ಮದುವೆಗೆ ಮುಂಚೆ, ಮಲ್ಪೆಯಲ್ಲಿ ದೋಣಿಗಳ ನಡುವೆ ನಡೆಯುವಾಗ ಅವಳು ಹೀಗೆ ಪಟಪಟ ಮಾತಾಡುತ್ತಿದ್ದಳು. ಈ ದನಿಗೇ ಅವನು ಮರುಳಾದದ್ದು. ಅದು ಯಾವಾಗ ನಿಂತುಹೋಯಿತೆಂದು ಅವನಿಗೆ ಗೊತ್ತಿರಲಿಲ್ಲ.

ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಕಾರು ನಿಧಾನ ಮಾಡಿ ಹಿಂತಿರುಗಿದ.

“ಎಂತ, ಎಂತ ಹೇಳಿದ್ದು?”

ಇಬ್ಬರೂ ನಿಲ್ಲಿಸಿದರು. ನಾಯಿಯ ಅರೆತೆರೆದ ಕಣ್ಣು, ಅವಳ ಒದ್ದೆ ಕಣ್ಣು, ಎರಡೂ ಅವನ ಮೇಲೆ. ಮುಂದೇನು ಎಂದು ಕಾಯುತ್ತಿದ್ದವು.

“ಎಂತ ಇಲ್ಲ,” ಎಂದಳು ನವ್ಯಶ್ರೀ.

ಅವನು ಮುಂದಕ್ಕೆ ತಿರುಗಿದ. ಪರ್ಕಳ ಬಂದಾಗ ಹಿಂದಿನಿಂದ ಮತ್ತೆ ಶುರುವಾಯಿತು. ಮೊದಲು ನಾಯಿ, ಆಮೇಲೆ ಅವಳು. ಅವನು ಕೆಮ್ಮು ನುಂಗಿಕೊಂಡ. ಒಳಗಿನ ಕನ್ನಡಿಯಲ್ಲಿ ಅವಳಿಗೆ ತನ್ನ ಕಣ್ಣು ಕಂಡೀತೆಂದು ಅದನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸಿಟ್ಟ.

ಮಣಿಪಾಲದಲ್ಲಿ ಅಲೆವೂರಿಗೆ ಎಡಕ್ಕೆ ಹೊರಳಬೇಕು. ಮನೆಗೆ ಹೋಗಿ ಗಂಜಿ ಬೇಯಿಸಬೇಕು. ಹೋದರೆ ಕಾರು ನಿಲ್ಲಿಸಬೇಕು, ಹಿಂದಿನ ಬಾಗಿಲು ತೆರೆಯಬೇಕು, ತೆರೆದವನ ಮುಖ ಅವರಿಗೆ ಕಾಣುತ್ತದೆ, ಮಾತು ನಿಲ್ಲುತ್ತದೆ. ತಿರುವು ಬಂತು. ಅವನು ಹೊರಳಿಸಲಿಲ್ಲ. ಇಳಿಜಾರಿನಲ್ಲಿ ಉಡುಪಿಯ ದೀಪಗಳು, ಅದರಾಚೆ ಮಲ್ಪೆ, ಅಲ್ಲಿಂದ ಮುಂದೆ ರಸ್ತೆಯಿಲ್ಲ. ಹಿಂದೆ ಅವರಿಬ್ಬರೂ ಮಾತಾಡುತ್ತಿದ್ದರು. ಕುತ್ತಿಗೆ ಅಲುಗಿಸದೆ, ಉಸಿರು ಸಹ ಕೇಳಿಸದಂತೆ, ಅವನು ಕಾರು ಓಡಿಸುತ್ತಲೇ ಹೋದ.